ಶ್ರೀಮತಿ ಬರ್ಗ್‌ಮನ್ ಓಸ್ಟರ್‌ಬರ್ಗ್ ಅವರು

ಸಾಯಂಕಾಲ ಮೈದಾನದಲ್ಲಿ ಆಡುವ ನಾವು ಈ ಮಹಿಳೆಯನ್ನು ಸ್ಮರಿಸುವುದು ಉಚಿತವಾಗಿದೆ. ಮಾರ್ಟೀನಾ ಬರ್ಗ್‌ಮನ್ ಅವರು 1849ನೆಯ ಇಸವಿಯಲ್ಲಿ ಸ್ವೀಡನ್ ದೇಶದಲ್ಲಿ ಜನಿಸಿದರು. ಲಿಂಗ್ ಮಹಾಶಯರು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ವ್ಯಾಯಾಮಶಾಲೆಯಲ್ಲಿ ಕಲಿತು, 1881ರಲ್ಲಿ ಲಂಡನ್ ನಗರದ ಶಾಲಾಮಂಡಲಿಯ ಕೆಲಸಕ್ಕೆ ಸೇರಿದರು. ಸೊಂಟವನ್ನು ಬಿಗಿಯುವ ಅಂದಿನ ಉಡುಪು ಸ್ತ್ರೀಯರ ಉಸಿರನ್ನೂ ಚಲನೆಯನ್ನೂ ತಡೆಯುತ್ತಿದ್ದಿತು. ಬರಿಯ ಉಪದೇಶದಿಂದ ರೂಢಿಯು ಅಳಿಯುವುದೇ? ಇವರು ಉಪಾಧ್ಯಾಯಿನಿಯರನ್ನೇ ಸಿದ್ಧಗೊಳಿಸಲು 1885ರಲ್ಲಿ ಹ್ಯಾಂಪ್‌ಸ್ಟೆಡ್ಡಿನಲ್ಲಿ ಕಾಲೇಜನ್ನು ತೆರೆದು, 1895ರಲ್ಲಿ ಅದನ್ನು ಡಾರ್ಟ್‌ಫರ್ಡಿಗೆ ಸಾಗಿಸಿದರು. ಅಲ್ಲಿ ವಿದ್ಯಾರ್ಥಿನಿಯರು ಅಸ್ಥಿಸ್ನಾಯುಗಳ ರಚನೆಯನ್ನು ಓದಿ, ಸಡಿಲವಾದ ಉಡುಪನ್ನು ಧರಿಸಿ ಅಂಗಸಾಧನೆ ಮಾಡಿದರು. ಅವರು ಶಾಲೆಗಳಿಗೆ ಹೋದಂತೆ ಹೊಸ ಅಭ್ಯಾಸವೂ ಅವರೊಡನೆ ಹೋಯಿತು. 1915ರಲ್ಲಿ ಇವರು ಕಾಲವಾದರು. ನೆಟ್ಟಗೆ ನಿಂತು ಓಡುವ ಸ್ವಾತಂತ್ರ್ಯವು ಹೆಣ್ಣುಮಕ್ಕಳಿಗೆ ಸುಮ್ಮನೆ ದೊರೆತುದಲ್ಲವೆಂಬುದನ್ನು ನಾವು ಮರೆಯದಿರೋಣ.