ಕಾರ್ಡಿನ ಸಾಹುಕಾರ ಮತ್ತು ಅವನ ಮಗ

ಟರ್ಮಿನಲ್ ತೆರೆದವರಿಗೆಲ್ಲ 80 ಕಾಲಂ ಗೊತ್ತು. ಕೋಡಿನ ಸಾಲು 80 ಅಕ್ಷರ ದಾಟಬಾರದು ಅಂತ ಲ್ಯಾಬಿನಲ್ಲಿ ಬೈಸಿಕೊಂಡವರೂ ನಮ್ಮಲ್ಲಿ ಇದ್ದಾರೆ. ಈ 80ರ ಮೂಲ ಹುಡುಕಿದರೆ ಸಿಗುವುದು 1928ರಲ್ಲಿ ಐಬಿಎಂ ಹೊರತಂದ ಒಂದು ರಟ್ಟಿನ ಕಾರ್ಡು. ಆಗ ಆ ಕಂಪನಿಯನ್ನು ನಡೆಸುತ್ತಿದ್ದವರು ಥಾಮಸ್ ಜೆ. ವಾಟ್ಸನ್. ಇಂಜಿನಿಯರ್ ಅಲ್ಲವೇ ಅಲ್ಲ, ಅಪ್ಪಟ ಸೇಲ್ಸ್‌ಮನ್.

ಹುಟ್ಟಿದ್ದು 1874ರಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಯಾಂಪ್‌ಬೆಲ್ ಎಂಬ ಸಣ್ಣ ಊರಿನಲ್ಲಿ. ಹರೆಯದಲ್ಲಿ ಕುದುರೆಗಾಡಿಗೆ ಪಿಯಾನೊ, ಹೊಲಿಗೆ ಯಂತ್ರ ಹೇರಿಕೊಂಡು ಹಳ್ಳಿಹಳ್ಳಿ ಸುತ್ತಿ ಮಾರಿದರು. ಬಫಲೋ ನಗರದಲ್ಲಿ ಇಟ್ಟ ಮಾಂಸದಂಗಡಿ ಮುಳುಗಿತು. ಆ ಅಂಗಡಿಗೆ ಕಂತಿನ ಮೇಲೆ ತಂದಿದ್ದ ಕ್ಯಾಶ್ ರಿಜಿಸ್ಟರ್ ಒಂದಿತ್ತು. ಅದರ ಲೆಕ್ಕ ತೀರಿಸಲು ಎನ್‌ಸಿಆರ್ ಕಚೇರಿಗೆ ಹೋದವರು ಅಲ್ಲೇ ಕೆಲಸ ಹಿಡಿದುಬಿಟ್ಟರು!

ಎನ್‌ಸಿಆರ್‌ನಲ್ಲಿ ಮಾಡಿದ್ದು ಮಾತ್ರ ಹೊಗಳುವಂಥದ್ದಲ್ಲ. ಬೇರೆ ಕಂಪನಿಯೆಂದು ತೋರಿಸಿಕೊಂಡು, ಹಳೇ ರಿಜಿಸ್ಟರ್ ಮಾರುವ ಎದುರಾಳಿ ಅಂಗಡಿಗಳನ್ನು ಒಂದೊಂದಾಗಿ ಮುಚ್ಚಿಸುವ ಗುಪ್ತ ಕೆಲಸ ಅದು. ಕೇಸಾಯಿತು. 1913ರಲ್ಲಿ ಮಾಲೀಕ ಪ್ಯಾಟರ್ಸನ್ ಮತ್ತು ಇತರರ ಜೊತೆ ವಾಟ್ಸನ್‌ಗೂ ಒಂದು ವರ್ಷ ಜೈಲು ಶಿಕ್ಷೆ ಬಿತ್ತು. ಮೇಲ್ಮನವಿ ನಡೆಯುತ್ತಿರುವಾಗಲೇ ಪ್ಯಾಟರ್ಸನ್ ಇವರನ್ನು ಕೆಲಸದಿಂದ ಕಿತ್ತುಹಾಕಿದರು. ಆಗ ವಯಸ್ಸು ಹತ್ತಿರಹತ್ತಿರ ನಲವತ್ತು, ಹೊಸದಾಗಿ ಮದುವೆಯಾಗಿತ್ತು. 1914ರ ಜನವರಿಯಲ್ಲಿ ಮೊದಲ ಮಗ ಹುಟ್ಟಿದಾಗ ಅಪ್ಪನಿಗೆ ಕೆಲಸವಿರಲಿಲ್ಲ, ತಲೆ ಮೇಲೆ ಶಿಕ್ಷೆ ತೂಗುತ್ತಿತ್ತು. ಮಗನಿಗೂ ತಮ್ಮದೇ ಹೆಸರಿಟ್ಟರು.

ಅದೇ ವರ್ಷ ಸಿಟಿಆರ್ ಎಂಬ ಕಂಪನಿ ಇವರನ್ನು ಕರೆಯಿತು. ತಕ್ಕಡಿ, ಹಾಜರಾತಿ ಗಡಿಯಾರ, ಹಾಲರಿತ್ ಕಂಡುಹಿಡಿದ ಎಣಿಕೆ ಯಂತ್ರ, ಹೀಗೆ ಸಂಬಂಧವಿಲ್ಲದ ಕಂಪನಿಗಳನ್ನು ಕೂಡಿಸಿ ಮಾಡಿದ ಕಿಚಡಿ. 1915ರಲ್ಲಿ ಶಿಕ್ಷೆ ರದ್ದಾಯಿತು, ವಾಟ್ಸನ್ ಅಧ್ಯಕ್ಷರಾದರು. 1924ರಲ್ಲಿ ಅದಕ್ಕೆ ಐಬಿಎಂ ಅಂತ ಹೆಸರು ಬಂತು. ಗಾಢ ಬಣ್ಣದ ಸೂಟು, ಬಿಳಿ ಅಂಗಿ, ಗೋಡೆಗೋಡೆಗೆ ಥಿಂಕ್ ಎಂಬ ಫಲಕ, ಜೊತೆಗೆ ಕಂಪನಿ ಗೀತೆಗಳು ಬೇರೆ. ನಮ್ಮ ಪ್ಲೇಸ್‌ಮೆಂಟ್ ಸೀಸನ್ನಿನ ಟೈಗೆ ಇವರೇ ಮೂಲಪುರುಷ ಇರಬೇಕು.

ಆ ಮೂರರಲ್ಲಿ ವಾಟ್ಸನ್ ಕಣ್ಣು ಬಿದ್ದದ್ದು ಎಣಿಕೆ ಯಂತ್ರದ ಮೇಲೆ. ಸಂಬಳ, ದಾಸ್ತಾನು, ಬಾಕಿ ಬಿಲ್ಲು, ಎಲ್ಲ ಒಂದೇ ಅಳತೆಯ ಕಾರ್ಡಿನಲ್ಲಿ ತೂತುಗಳಾಗಿ ಕೂರುತ್ತಿದ್ದವು. ಒಂದು ಯಂತ್ರ ತೂತು ಹೊಡೆಯುತ್ತದೆ, ಇನ್ನೊಂದು ವಿಂಗಡಿಸುತ್ತದೆ, ಮತ್ತೊಂದು ಕೂಡಿ ಅಚ್ಚು ಹಾಕುತ್ತದೆ. ಬೇರೆ ಬೇರೆ ವಿಭಾಗಗಳ ಮಾಹಿತಿ ಒಂದು ಕಡೆ ಸೇರಲು ಬೇಕಾದದ್ದು ಎಲ್ಲರೂ ಓದಬಲ್ಲ ಒಂದು ರೂಪ. ಅದೇ ಈ ಕಾರ್ಡು. ಯಂತ್ರವನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು. ಕಾರ್ಡನ್ನೂ ತಮ್ಮಲ್ಲೇ ಕೊಳ್ಳಬೇಕು ಅಂತ ಷರತ್ತು ಹಾಕಿದ್ದರು. 1936ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಷರತ್ತನ್ನು ಹೊಡೆದುಹಾಕಿತು.

ಮಹಾ ಆರ್ಥಿಕ ಕುಸಿತದಲ್ಲಿ ಬೇರೆಯವರು ಕಾರ್ಖಾನೆ ಮುಚ್ಚುತ್ತಿದ್ದರೆ ಇವರು ಯಂತ್ರಗಳನ್ನು ಮಾಡಿ ಗೋದಾಮಿನಲ್ಲಿ ತುಂಬುತ್ತಲೇ ಹೋದರು. ಹುಚ್ಚು ಅನ್ನಬಹುದಿತ್ತು, ಆದರೆ 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಂತು. ಕೋಟ್ಯಂತರ ಕೆಲಸಗಾರರ ಪಿಂಚಣಿ ಲೆಕ್ಕ ಇಡಬೇಕು, ಅಷ್ಟು ಯಂತ್ರ ತಯಾರಿದ್ದದ್ದು ಐಬಿಎಂ ಬಳಿ. ಆ ಕೆಲಸಕ್ಕಾಗಿ ಕೊಲೇಟರ್ ಎಂಬ ಹೊಸ ಯಂತ್ರವೂ ಬಂತು. ಎರಡು ಕಾರ್ಡಿನ ಕಟ್ಟುಗಳನ್ನು ನಂಬರ್ ನೋಡಿ ಹೊಂದಿಸಿ ಒಂದಾಗಿಸುವುದು ಅದರ ಕೆಲಸ. ಡಿಬಿಎಂಎಸ್ ಪೇಪರಿನಲ್ಲಿ ನಾವು ಬರೆಯುವ ಜಾಯಿನ್ ಆಗ ಕಬ್ಬಿಣದಲ್ಲಿ ಗಡಗಡ ಅನ್ನುತ್ತಿತ್ತು.

ಅದೇ ಯಂತ್ರಗಳು ಜರ್ಮನಿಯಲ್ಲೂ ಇದ್ದವು. ಐಬಿಎಂನ ಅಲ್ಲಿನ ಅಂಗಸಂಸ್ಥೆ ನಾಜಿ ಸರ್ಕಾರದ ಜನಗಣತಿಗೆ ದುಡಿಯಿತು. 1937ರಲ್ಲಿ ವಾಟ್ಸನ್ ಹಿಟ್ಲರನ ಸರ್ಕಾರದಿಂದ ಪದಕ ಸ್ವೀಕರಿಸಿದರು. ವಾಪಸ್ ಮಾಡಿದ್ದು 1940ರಲ್ಲಿ. ಆ ಮೂರು ವರ್ಷದ ವಿಳಂಬಕ್ಕೆ ವಿಶ್ವಶಾಂತಿಯ ಮೇಲಿನ ನಂಬಿಕೆ ಕಾರಣ ಅಂತ ಅವರ ಅಭಿಮಾನಿಗಳು ಹೇಳಬಹುದು, ನನಗಂತೂ ವ್ಯಾಪಾರವೇ ಕಾಣುತ್ತದೆ.

ಇನ್ನು ಮನೆ ಕಥೆ. ಐಬಿಎಂ ಷೇರುಪೇಟೆಯ ಕಂಪನಿ, ಕುಟುಂಬದ ಪಾಲು ಚಿಕ್ಕದು, ಆದರೂ ವಾಟ್ಸನ್ ಅದನ್ನು ಮನೆಯಂತೆಯೇ ನಡೆಸಿದರು. ಓದಿನಲ್ಲಿ ಹಿಂದಿದ್ದ ದೊಡ್ಡ ಮಗ ಟಾಮ್ 1937ರಲ್ಲಿ ಸೇಲ್ಸ್‌ಮನ್ ಆಗಿ ಸೇರಿದ. 1940ರ ಮೊದಲ ಕೆಲಸದ ದಿನವೇ ಇಡೀ ವರ್ಷದ ಗುರಿ ಮುಟ್ಟಿಬಿಟ್ಟ. ಯಜಮಾನರ ಮಗ ಅಂತ ದೊಡ್ಡ ಗಿರಾಕಿಯೊಂದನ್ನು ಅವನ ಪಾಲಿಗೆ ತಳ್ಳಿದ್ದರು. ಅವನಿಗೆ ಅದು ಅವಮಾನ ಅನ್ನಿಸಿತು. ಮನಸ್ಸು ತಿಳಿಯಾದದ್ದು ಯುದ್ಧದಲ್ಲಿ ವಿಮಾನ ಹಾರಿಸಿ ಬಂದ ಮೇಲೆ.

ಆಮೇಲೆ ಶುರುವಾಯಿತು ಜಗಳ. 1951ರಲ್ಲಿ ಜನಗಣತಿ ಇಲಾಖೆ ಯುನಿವ್ಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರ್ ತೆಗೆದುಕೊಂಡಿತು. ಮಾಹಿತಿ ಮ್ಯಾಗ್ನೆಟಿಕ್ ಟೇಪಿನ ಮೇಲೆ, ಕಾರ್ಡಿನ ರಾಶಿ ಬೇಡ. ಮಗನಿಗೆ ಅತ್ತ ಓಡಬೇಕಿತ್ತು. ಅಪ್ಪನಿಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಕಾರ್ಡಿನ ಮೇಲೇ ಭರವಸೆ. ಲಾಭವೂ ಅಲ್ಲೇ ಇತ್ತಲ್ಲ. 1952ರಲ್ಲಿ ಮಗ ಅಧ್ಯಕ್ಷನಾದ, ಐಬಿಎಂ 701 ಕಂಪ್ಯೂಟರ್ ಹೊರಬಂತು. ಅದೇ ವರ್ಷ ಸರ್ಕಾರ ಏಕಸ್ವಾಮ್ಯದ ಕೇಸನ್ನೂ ಹಾಕಿತು. 1913ರ ಗಾಯ ಮಾಯದ ಅಪ್ಪ ರಾಜಿಗೆ ಒಪ್ಪಲೇ ಇಲ್ಲ. ಹೊಸ ಯಂತ್ರದ ಕಾಲದಲ್ಲಿ ಹಳೇ ಕಾರ್ಡಿಗಾಗಿ ಯಾಕೆ ಹೋರಾಟ ಅನ್ನುವುದು ಮಗನ ವಾದ.

1956ರ ಜನವರಿಯಲ್ಲಿ ಮಗ ರಾಜಿಗೆ ಸಹಿ ಹಾಕಿಸಿದ. ಯಂತ್ರಗಳನ್ನು ಬಾಡಿಗೆಗಷ್ಟೇ ಅಲ್ಲ, ಮಾರಾಟಕ್ಕೂ ಇಡಬೇಕಾಯಿತು. ಮೇ ತಿಂಗಳಲ್ಲಿ ಅಪ್ಪ ಕಂಪನಿಯ ಪೂರ್ತಿ ಹೊಣೆ ಟಾಮ್‌ಗೆ ಒಪ್ಪಿಸಿದರು. ವಿದೇಶ ವ್ಯವಹಾರ ಆಗಲೇ ಚಿಕ್ಕ ಮಗ ಡಿಕ್ ಕೈಯಲ್ಲಿತ್ತು. ಜೂನ್ 19ರಂದು, 82ನೇ ವಯಸ್ಸಿನಲ್ಲಿ, ವಾಟ್ಸನ್ ತೀರಿಕೊಂಡರು. ಆ ಹೊತ್ತಿಗೂ ಅವರ ಕಾರ್ಡುಗಳು ಅಮೆರಿಕದ ಕಚೇರಿಗಳಲ್ಲಿ ಓಡುತ್ತಲೇ ಇದ್ದವು.