ದುಡ್ಡು ತಗೊಂಡು ಚಿತ್ರ ಬರೆದ ರಾಜಾ ರವಿವರ್ಮ

ರಾಜಾ ರವಿವರ್ಮ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕ್ಯಾಲೆಂಡರಿನ ಲಕ್ಷ್ಮಿ, ಸರಸ್ವತಿ. ಆದರೆ ಅವರು ವೃತ್ತಿ ಶುರು ಮಾಡಿದ್ದು ಬದುಕಿರೋ ಮನುಷ್ಯರ ಭಾವಚಿತ್ರ ಬರೆಯೋದರಿಂದ.

ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ದೊಡ್ಡ ಮನೆತನ, ಮದುವೆಯೂ ರಾಜವಂಶದ ಹುಡುಗಿ ಜೊತೆ. ಚಿಕ್ಕಪ್ರಾಯದಲ್ಲೇ ತಿರುವನಂತಪುರದ ಅರಮನೆ ಸೇರಿದರು. ಅಲ್ಲಿ ಎಣ್ಣೆಬಣ್ಣ ಬಳಸೋದು ಗೊತ್ತಿದ್ದವರೇ ಕಡಿಮೆ, ಗೊತ್ತಿದ್ದವರು ಹೇಳಿಕೊಡಲು ಸಿದ್ಧರಿರಲಿಲ್ಲ. 1868ರಲ್ಲಿ ಥಿಯೋಡೋರ್ ಜೆನ್ಸನ್ ಅನ್ನೋ ಯುರೋಪಿನ ಕಲಾವಿದ ಮಹಾರಾಜರ ಚಿತ್ರ ಬರೆಯಲು ಬಂದ. ಅವನೂ ಪಾಠ ಮಾಡಲಿಲ್ಲ, ಪಕ್ಕದಲ್ಲಿ ನಿಂತು ನೋಡಲು ಮಾತ್ರ ಬಿಟ್ಟ. ರವಿವರ್ಮ ನೋಡಿ ನೋಡಿಯೇ ಕಲಿತರು. ಎಣ್ಣೆಬಣ್ಣ ನಿಧಾನ ಒಣಗುತ್ತೆ, ಹಾಗಾಗಿ ನೆರಳು-ಬೆಳಕನ್ನು ಒಂದರೊಳಗೊಂದು ಬೆರೆಸಲು ಸಮಯ ಸಿಗುತ್ತೆ. ಅವರ ಚಿತ್ರದ ಮುಖ, ರೇಷ್ಮೆ ಸೀರೆ, ಒಡವೆಗಳು ನಿಜ ಅನ್ನಿಸೋದಕ್ಕೆ ಇದೇ ಮುಖ್ಯ ಕಾರಣ.

ವೃತ್ತಿಗೆ ಇಳಿಯೋ ಮುಂಚೆ ಅವರು ನಮ್ಮ ಕೊಲ್ಲೂರು ಮೂಕಾಂಬಿಕೆಗೆ ಯಾತ್ರೆ ಬಂದಿದ್ದರು. ವಾಪಸ್ ಹೋಗುವಾಗ ಕಲ್ಲಿಕೋಟೆಯಲ್ಲಿ ಕೃಷ್ಣ ಮೆನನ್ ಎಂಬುವರ ಕುಟುಂಬದ ಚಿತ್ರ ಬರೆದರು. ಹಣಕ್ಕಾಗಿ ಮಾಡಿದ ಮೊದಲ ಕೆಲಸ ಅದು. ಆ ಕಾಲಕ್ಕೆ ರಾಜಮನೆತನದವನೊಬ್ಬ ಕೂಲಿಗೆ ಚಿತ್ರ ಬರೆಯೋದು ಅಂದ್ರೆ ಸಣ್ಣ ಮಾತಲ್ಲ. ನಮಗೆ ಅವರ ಪದಕಗಳಿಗಿಂತ ಈ ಧೈರ್ಯವೇ ದೊಡ್ಡದು ಅನ್ಸುತ್ತೆ. ಪದಕಗಳೂ ಬಂದವು ಬಿಡಿ: 1873ರಲ್ಲಿ ಮದರಾಸು, ವಿಯೆನ್ನಾ, 1893ರಲ್ಲಿ ಷಿಕಾಗೋ.

ಆಮೇಲೆ ಊರೂರು ತಿರುಗಾಟ. ಬರೋಡಾ, ಉದಯಪುರ, ಮೈಸೂರು. 1885ರಲ್ಲಿ ಚಾಮರಾಜೇಂದ್ರ ಒಡೆಯರ್ ಕರೆಸಿಕೊಂಡು ಮನೆಮಂದಿಯ ಚಿತ್ರ ಬರೆಸಿದರು. ಪ್ರಯಾಣದಲ್ಲಿ ಜೊತೆಗಿದ್ದವರು ತಮ್ಮ ರಾಜರಾಜವರ್ಮ. ಅವರೂ ಕಲಾವಿದರೇ. ಅಣ್ಣನ ಚಿತ್ರಗಳಿಗೆ ಸಹಾಯ, ಲೆಕ್ಕಪತ್ರ, ಓಡಾಟ ಎಲ್ಲ ಇವರ ಕೈಯಲ್ಲಿ, ಮೇಲೆ ದಿನಚರಿ ಬೇರೆ ಬರೆದಿಟ್ಟರು. ಆದರೂ ಇವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುವಾಯ್ತು. ಅರಮನೆ ಒಳಗಿದ್ದ ಚಿತ್ರ ಸಾಮಾನ್ಯರ ಗೋಡೆಗೂ ಬರಲಿ ಅನ್ನೋ ಯೋಚನೆ. ಲಿಥೋಗ್ರಫಿಯಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಎಲ್ಲವೂ ಒಂದೇ ಹಾಳೆ ಮೇಲೆ ಸರಿಯಾಗಿ ಕೂರಬೇಕು. ಸ್ವಲ್ಪ ಜರುಗಿದರೂ ದೇವಿಯ ತುಟಿ ಕೆನ್ನೆಗೆ ಬರುತ್ತೆ! ಅದಕ್ಕೇ ಜರ್ಮನಿಯಿಂದ ತಂತ್ರಜ್ಞರನ್ನು ತರಿಸಿದರು. ಚಿತ್ರಗಳು ದೇಶವೆಲ್ಲ ಹರಡಿದವು, ಆದರೆ ಪ್ರೆಸ್ ಸಾಲದಲ್ಲಿ ಮುಳುಗಿತು. ಮುಂಬಯಿಯಿಂದ ಲೋಣಾವಳ ಹತ್ತಿರದ ಮಳವಲಿಗೆ ಸಾಗಿಸಿದರೂ ಗಿಟ್ಟಲಿಲ್ಲ. ಕೊನೆಗೆ ತಮ್ಮ ಬಳಿಯೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಶ್ಲೈಶರ್‌ಗೆ ಮಾರಿಬಿಟ್ಟರು.

ಮೈಸೂರಿನ ಹೊಸ ಅರಮನೆಗೆ ಪುರಾಣದ ಒಂಬತ್ತು ಚಿತ್ರ ಬೇಕು ಅಂತ ಕೃಷ್ಣರಾಜ ಒಡೆಯರ್ ಹೇಳಿಕಳಿಸಿದ್ದರು. ಅದೇ ಸಮಯದಲ್ಲಿ, 1905ರ ಜನವರಿಯಲ್ಲಿ, ತಮ್ಮ ತೀರಿಕೊಂಡರು. ಸಕ್ಕರೆ ಕಾಯಿಲೆ ಇದ್ದ ರವಿವರ್ಮ ಒಬ್ಬರೇ ಕೂತು ಆ ಕೆಲಸ ಮುಂದುವರಿಸಿದರು. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ತೀರಿಕೊಂಡರು. ಅವರ ಚಿತ್ರಗಳು ಈಗಲೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ.