ನಾಟಕರತ್ನ ಗುಬ್ಬಿ ವೀರಣ್ಣ

ಹಾಕಿ ಆಟವನ್ನು ನೋಡುವವರ ಕಣ್ಣು ಸಾಮಾನ್ಯವಾಗಿ ಗೋಲು ಹೊಡೆಯುವವನ ಮೇಲೆಯೇ ನೆಟ್ಟಿರುತ್ತದೆ. ಹಿಂದೆ ನಿಂತು ತಂಡವನ್ನು ಕಾಯುವ ರಕ್ಷಣಾ ಆಟಗಾರನತ್ತ ಹೊರಳುವ ದೃಷ್ಟಿ ವಿರಳ. ಕಂಪನಿ ನಾಟಕಗಳ ಕಾಲದಲ್ಲಿ ಹಾಸ್ಯನಟನ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇದ್ದಿತು. ರಾಜಾಪಾರ್ಟು ವಹಿಸಿ, ಎತ್ತರದ ಶ್ರುತಿಯಲ್ಲಿ ಹಾಡಿ, ಪ್ರೇಕ್ಷಕರಿಂದ ಮತ್ತೆ ಮತ್ತೆ ಹಾಡೆಂದು ಕೇಳಿಸಿಕೊಳ್ಳುವವನೇ ದೊಡ್ಡ ನಟ. ಹಾಸ್ಯಗಾರನು ಎರಡು ದೃಶ್ಯಗಳ ನಡುವೆ ಬಂದು, ಜನರನ್ನು ನಗಿಸಿ, ಮರೆಯಾಗಬೇಕಾದವನು. ಇಂತಹ ಪಾತ್ರವನ್ನೇ ತನ್ನದಾಗಿಸಿಕೊಂಡು, ಕನ್ನಡ ರಂಗಭೂಮಿಯ ನಾಯಕಸ್ಥಾನಕ್ಕೆ ಏರಿದವರು ಗುಬ್ಬಿ ವೀರಣ್ಣನವರು.

ತುಮಕೂರು ಜಿಲ್ಲೆ ಕಲೆಯ ನೆಲ. ಕುಣಿಗಲ್ ಕೆರೆಯನ್ನು ಹಾಡಿ ಹೊಗಳಿದ ಜನಪದರು ಇಲ್ಲಿಯವರು. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ರಾತ್ರಿಯಿಡೀ ಮೂಡಲಪಾಯ ಯಕ್ಷಗಾನವನ್ನು ಆಡಿಸಿ ನೋಡುವುದು ಈ ಸೀಮೆಯ ಹಳ್ಳಿಗಳ ಹಳೆಯ ವಾಡಿಕೆ. ತುಮಕೂರಿಗೆ ಸಮೀಪದ ಗುಬ್ಬಿಯು ಗೋಸಲ ಚನ್ನಬಸವೇಶ್ವರ ಸ್ವಾಮಿಯ ಕ್ಷೇತ್ರ, ವ್ಯಾಪಾರದ ಊರು. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಸ್ಥಳೀಯ ಉತ್ಸಾಹಿಗಳು ಸೇರಿ ಇಲ್ಲೊಂದು ನಾಟಕ ಮಂಡಳಿಯನ್ನು ಕಟ್ಟಿದರು. ಊರ ದೇವರ ಹೆಸರನ್ನೇ ಹೊತ್ತ ಆ ಮಂಡಳಿಯು ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಎಂದು ಪ್ರಸಿದ್ಧವಾಯಿತು. ಜಾತಿಮತಗಳ ಭೇದವಿಲ್ಲದೆ ಹುಟ್ಟಿದ ಈ ಕಂಪನಿಯೇ ಮುಂದೆ ವೀರಣ್ಣನವರಿಗೆ ಮನೆಯೂ ಆಯಿತು, ಪಾಠಶಾಲೆಯೂ ಆಯಿತು.

ವೀರಣ್ಣನವರು ಜನಿಸಿದುದು 1891ರ ಜನವರಿ 24ರಂದು. ತಂದೆ ಹಂಪಣ್ಣನವರು. ಇನ್ನೂ ಅಕ್ಷರ ತಿದ್ದುವ ವಯಸ್ಸಿನಲ್ಲಿಯೇ ಬಾಲಕನು ಬಣ್ಣ ಹಚ್ಚಿಕೊಂಡು ರಂಗವನ್ನೇರಿದನು. ಆರಂಭದಲ್ಲಿ ದೊರೆತವು ಸಣ್ಣಪುಟ್ಟ ಪಾತ್ರಗಳು. ಒಂದೆರಡು ಮಾತನಾಡಿ ಒಳಗೆ ಹೋಗುವ ಹುಡುಗನನ್ನು ಯಾರು ತಾನೆ ನೆನಪಿಟ್ಟುಕೊಳ್ಳುತ್ತಾರೆ? ಆದರೆ ಕಂಪನಿಯ ಬದುಕಿನಲ್ಲಿ ಸಣ್ಣ ಪಾತ್ರದ ಹುಡುಗನಿಗೆ ದೊಡ್ಡ ನಟನಿಗಿಲ್ಲದ ಒಂದು ಭಾಗ್ಯವಿರುತ್ತದೆ. ಅವನು ಪಕ್ಕದ ಪರದೆಯ ಮರೆಯಲ್ಲಿ ನಿಂತು ಇಡೀ ನಾಟಕವನ್ನು ದಿನವೂ ನೋಡಬಲ್ಲ. ಯಾವ ಮಾತಿಗೆ ಜನ ನಕ್ಕರು, ಎಲ್ಲಿ ಆಕಳಿಸಿದರು, ಮೇಳದವರು ಎಲ್ಲಿ ಕೈಕೊಟ್ಟರು, ಸೀನರಿ ಬದಲಿಸುವುದು ಎಲ್ಲಿ ತಡವಾಯಿತು ಎಂಬುದೆಲ್ಲ ಅವನ ಗಮನಕ್ಕೆ ಬರುತ್ತದೆ. ಶಾಲೆಯ ಓದು ಹೆಚ್ಚು ಮುಂದುವರಿಯದ ವೀರಣ್ಣನವರಿಗೆ ರಂಗದ ಸಮಸ್ತ ವಿದ್ಯೆಯೂ ಕೈವಶವಾದದ್ದು ಇಂತಹ ವಾತಾವರಣದಲ್ಲಿ.

ಅವರಿಗೆ ಕೀರ್ತಿ ಬಂದದ್ದು ಸಂಗೀತದಿಂದಲ್ಲ, ಹಾಸ್ಯದಿಂದ. ನಗಿಸುವುದು ಸುಲಭವೆಂದು ತಿಳಿಯುವವರು ಬಹಳ. ಮಾತು ಒಂದು ಕ್ಷಣ ಮುಂಚೆ ಬಂದರೂ ಕೆಡುತ್ತದೆ, ಒಂದು ಕ್ಷಣ ತಡವಾದರೂ ಕೆಡುತ್ತದೆ. ಹದ ತಪ್ಪಿದರೆ ಹಾಸ್ಯವು ಅಪಹಾಸ್ಯವಾಗುತ್ತದೆ. ಆ ಹದವನ್ನು ವೀರಣ್ಣನವರು ವರ್ಷಗಳ ಸಾಧನೆಯಿಂದ ಪಡೆದುಕೊಂಡರು. 'ಸದಾರಮೆ' ನಾಟಕದ ಕಳ್ಳನ ಪಾತ್ರವು ಅವರ ಹೆಸರಿನೊಡನೆ ಬೆಸೆದುಕೊಂಡುಬಿಟ್ಟಿತು. ಕಥೆಯ ನಾಯಕಿ ಸದಾರಮೆಯಾದರೂ ಜನರು ಕಳ್ಳನನ್ನು ನೋಡಲೆಂದೇ ಟಿಕೆಟು ಕೊಳ್ಳುವಂತಾಯಿತು. ಮೈಸೂರಿನ ಮಹಾರಾಜರು ಅವರ ಪ್ರತಿಭೆಯನ್ನು ಮೆಚ್ಚಿ 'ವರ್ಸಟೈಲ್ ಕಮೆಡಿಯನ್' ಎಂಬ ಬಿರುದನ್ನು ದಯಪಾಲಿಸಿದರು. ಬದಿಗಿದ್ದ ಪಾತ್ರವು ನಟನ ಪರಿಶ್ರಮದಿಂದ ರಂಗದ ನಡುವಿಗೆ ಬಂದಿತು.

1917ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ವೀರಣ್ಣನವರು ಕಂಪನಿಯ ಒಡೆತನವನ್ನು ವಹಿಸಿಕೊಂಡರು. ನಾಟಕ ಕಂಪನಿಯನ್ನು ನಡೆಸುವುದೆಂದರೆ ಒಂದು ಸಂಚಾರಿ ಗ್ರಾಮವನ್ನೇ ಸಾಕಿದಂತೆ. ನಟರು, ಮೇಳದವರು, ಪರದೆ ಬರೆಯುವವರು, ಬಡಗಿಗಳು, ಅಡಿಗೆಯವರು, ಅವರೆಲ್ಲರ ಹೆಂಡಿರು ಮಕ್ಕಳು ಊರಿಂದೂರಿಗೆ ಸಾಗಬೇಕು. ಒಂದು ವಾರ ಮಳೆ ಹಿಡಿದರೂ ಕಲೆಕ್ಷನ್ ನಿಲ್ಲುತ್ತದೆ. ಆದರೆ ಊಟದ ಪಂಕ್ತಿ ನಿಲ್ಲುವಂತಿಲ್ಲ. ಈ ಭಾರವನ್ನು ಹೊತ್ತೂ ವೀರಣ್ಣನವರು ಹಳೆಯ ಹಾದಿಯಲ್ಲಿಯೇ ನಡೆಯದೆ ಹೊಸತನ್ನು ತರಲು ಧೈರ್ಯಮಾಡಿದರು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲವದು. ಕುಲೀನರು ರಂಗದ ಹೆಣ್ಣುಮಕ್ಕಳನ್ನು ಗೌರವದಿಂದ ಕಾಣುತ್ತಿರಲಿಲ್ಲ. ಆ ದಿನಗಳಲ್ಲಿ ಅವರು ತಮ್ಮ ಕಂಪನಿಯಲ್ಲಿ ನಟಿಯರಿಗೆ ಸ್ಥಾನ ಕೊಟ್ಟರು. ಅವರ ಪತ್ನಿಯರಾದ ಸುಂದರಮ್ಮ ಮತ್ತು ಬಿ. ಜಯಮ್ಮನವರು ಹೆಸರಾಂತ ನಟಿಯರಾದರು. ಬೆಳ್ಳಾವೆಯ ನರಹರಿಶಾಸ್ತ್ರಿಗಳಂತಹ ವಿದ್ವಾಂಸರು ಕಂಪನಿಗಾಗಿ ನಾಟಕಗಳನ್ನು ರಚಿಸಿಕೊಟ್ಟರು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದಾಗ ಪ್ರೇಕ್ಷಕರು ಬೆರಗಾದರು.

ಚಲನಚಿತ್ರವು ನಾಟಕಕ್ಕೆ ಪ್ರತಿಸ್ಪರ್ಧಿಯಾಗಿ ಬಂದಾಗಲೂ ವೀರಣ್ಣನವರು ಅದನ್ನು ದ್ವೇಷಿಸಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿಯೇ ಅವರು ಚಿತ್ರನಿರ್ಮಾಣಕ್ಕೆ ಕೈಹಾಕಿದರು. 1932ರ 'ಹರಿಮಾಯಾ' ಆ ಪ್ರಯತ್ನದ ಫಲ. ಬಳಿಕ 'ಸದಾರಮೆ', 'ಸುಭದ್ರಾ', 'ಜೀವನ ನಾಟಕ', 'ಹೇಮರೆಡ್ಡಿ ಮಲ್ಲಮ್ಮ' ಮುಂತಾದ ವಾಕ್ಚಿತ್ರಗಳೊಡನೆ ಅವರ ಹೆಸರು ಕೂಡಿಕೊಂಡಿತು.

ಆದರೆ ಅವರ ಬದುಕಿನ ಅತ್ಯಂತ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ, ಅವರು ಬೆಳೆಸಿದ ಮಕ್ಕಳತ್ತ ಬೆರಳು ಮಾಡಬೇಕು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಕಂಪನಿಯ ಪ್ರಸಿದ್ಧ ನಟರು. ತಂದೆಯ ಜೊತೆಯಲ್ಲಿ ಸಣ್ಣ ಪಾತ್ರಗಳನ್ನು ಮಾಡುತ್ತಿದ್ದ ಅವರ ಮಗನು ಮುಂದೆ ರಾಜಕುಮಾರ್ ಎಂಬ ಹೆಸರಿನಿಂದ 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ನಾಯಕನಾದರು. ಗುಬ್ಬಿ ಸಂಸ್ಥೆಯೇ ಆ ಚಿತ್ರದ ನಿರ್ಮಾಣದಲ್ಲಿ ಪಾಲುಗೊಂಡಿತ್ತು. ಜಿ. ವಿ. ಅಯ್ಯರ್ ಅವರೂ ಈ ಗರಡಿಯಲ್ಲಿ ಪಳಗಿದವರೇ. ದಕ್ಷಿಣ ಕನ್ನಡದಿಂದ ಮನೆಬಿಟ್ಟು ಓಡಿಬಂದ ಬಾಲಕನೊಬ್ಬನು ಕಂಪನಿಯಲ್ಲಿ ಆಶ್ರಯ ಪಡೆದನು. ಅವನನ್ನು ಕೇವಲ ದುಡಿಸಿಕೊಂಡಿದ್ದರೆ ಕಂಪನಿಗೆ ಲಾಭವಿತ್ತು. ವೀರಣ್ಣನವರು ಹಾಗೆ ಮಾಡದೆ, ಉನ್ನತ ವ್ಯಾಸಂಗಕ್ಕಾಗಿ ಅವನನ್ನು ದೂರದ ಬನಾರಸಿಗೆ ಕಳುಹಿಸಿದರು. ಆ ಯುವಕನೇ ಬಿ. ವಿ. ಕಾರಂತ. ಅವರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ತಾನು ಹೆಚ್ಚು ಓದಲಾಗದಿದ್ದರೂ ಇನ್ನೊಬ್ಬರ ಮಗನನ್ನು ಓದಿಸಿದ ಈ ಔದಾರ್ಯ ಸಾಮಾನ್ಯವಾದುದಲ್ಲ. ಪರದೆಯ ಮರೆಯಲ್ಲಿ ನಿಂತು ಬೆಳೆದವರಿಗೆ, ಅಲ್ಲಿಯೇ ನಿಂತಿರುವ ಮತ್ತೊಬ್ಬ ಹುಡುಗನ ಮುಖ ಬೇಗ ಕಾಣಿಸುತ್ತದೆ.

ಗೌರವಗಳು ವೀರಣ್ಣನವರನ್ನು ಹುಡುಕಿಕೊಂಡು ಬಂದವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತವು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಕಲೆಯೇ ಕಾಯಕ'. ಬಸವಣ್ಣನವರ ಕಾಯಕತತ್ತ್ವವನ್ನು ಅವರು ರಂಗಭೂಮಿಯಲ್ಲಿ ಕಂಡರೆಂಬುದಕ್ಕೆ ಆ ಹೆಸರೇ ಸಾಕ್ಷಿ. 1972ರ ಅಕ್ಟೋಬರ್ 18ರಂದು, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಕೀರ್ತಿಶೇಷರಾದರು.

ತುಮಕೂರಿನ ಕಲಾಕ್ಷೇತ್ರವೊಂದು ಅವರ ಹೆಸರನ್ನು ಹೊತ್ತಿದೆ. ರಂಗಭೂಮಿಗಾಗಿ ದುಡಿದವರಿಗೆ ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತದೆ. ಇವು ಅವರ ಸ್ಮಾರಕಗಳು. ತನಗೆ ದೊರೆತ ಪಾತ್ರ ಚಿಕ್ಕದೆಂದು ಕೊರಗದೆ ಅದನ್ನು ಪೂರ್ಣ ಮನಸ್ಸಿನಿಂದ ನಿರ್ವಹಿಸುವ ಪ್ರತಿಯೊಬ್ಬ ಕಲಾವಿದನಲ್ಲಿ, ಆಟಗಾರನಲ್ಲಿ, ವಿದ್ಯಾರ್ಥಿಯಲ್ಲಿ ಅವರ ಬಾಳಿನ ಪಾಠ ಇಂದಿಗೂ ಜೀವಂತವಾಗಿದೆ.